ತಲೆಗೊಂದು ಕಣ್ಣು

ಆಕಾಶ ಇಲಾಖೆ ದಿಬ್ಬದ ಮೇಲಿನ ಮನೆಗಳವರಿಗೆ ಎರಡೂ ಕಣ್ಣಿಂದ ಚಂದ್ರನನ್ನು ನೋಡುವ ಪರವಾನಗಿ ಕೊಟ್ಟು, ಕೆಳಗಿನ ಓಣಿಯವರಿಗೆ ತಲೆಗೊಂದು ಕಣ್ಣು ಮಂಜೂರು ಮಾಡಿತು.

ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಯಂಕವ್ವ ಕೆಳಗಿನ ಓಣಿಯವಳು. ಅಲ್ಲಿ ಗುಜರಿಗೆ ಬಿದ್ದಿದ್ದ ಮೈಕ್ರೋಸ್ಕೋಪಿನ ಜೋಡಿಗಣ್ಣಿನ ತಲೆಯನ್ನು ಬಿಚ್ಚಿ ತಂದು, ಮನೆ ಮಾಳಿಗೆಯ ಮೇಲಿದ್ದ ತನ್ನ ಒಂಟಿಗಣ್ಣಿನ ಟೆಲಿಸ್ಕೋಪಿಗೆ ಕೂರಿಸಿದಳು. ಮರುದಿನ ಸಂಜೆಯೇ ಇಲಾಖೆಯ ಇನ್ಸ್‌ಪೆಕ್ಟರ್ ಮಾಳಿಗೆ ಹತ್ತಿ ಬಂದರು.

"ನಿನ್ನ ಬಲಗಣ್ಣು ಯಾರ ಅಪ್ಪಣಿ ಮ್ಯಾಲೆ ನೋಡಾಕತ್ತೈತಿ?"

"ಎಡಗಣ್ಣ ಕರದಿತ್ರಿ ಸಾಹೇಬ್ರ. ಎರಡೂ ಒಂದ ಮನಿಯಾವು."

ಪರಿಶೀಲಿಸಲು ಅವರೂ ಬಗ್ಗಿದರು, ರೂಢಿಯಂತೆ ಒಂದು ಕಣ್ಣು ಮುಚ್ಚಿಕೊಂಡೇ.

"ಎರಡೂ ತಗೀರಿ," ಎಂದಳು ಯಂಕವ್ವ.

ತೆರೆದರು. ಬಿಲ್ಲೆಯಂತಿದ್ದ ಚಂದ್ರ ಉಂಡೆಯಾಗಿ, ಕೈಗೆ ಸಿಗುವಷ್ಟು ಹತ್ತಿರ ತೂಗಿದ. ಬಹಳ ಹೊತ್ತು ಅವರು ತಲೆ ಎತ್ತಲಿಲ್ಲ.

ಆಮೇಲೆ ದನಿ ತಗ್ಗಿಸಿ ಹೇಳಿದರು: "ನಾನೂ ಒಂದ ಕಣ್ಣಿನ ಪರವಾನಗಿಯಾಂವ, ಯವ್ವಾ. ಇದನ್ನ ಜಪ್ತಿ ಮಾಡೂದಿಲ್ಲ. ಕಡತಕ್ಕೊಂದು ಫೋಟೋ ಬೇಕು. ಒಂದ ಕಣ್ಣ ಮುಚ್ಚಿ ನಿಂದ್ರು, ಸಾಕು. ಆಮ್ಯಾಲೆ ನಿನ್ನ ಪಾಡಿಗಿ ನೀ ನೋಡ್ಕೊ."

"ಮುಚ್ಚದಿದ್ರ?"

"ಇದನ್ನ ಹೊತ್ಕೊಂಡು ಹೋಗಬೇಕಾಗ್ತೈತಿ."

ಯಂಕವ್ವ ಅವರು ಹಿಡಿದ ಕ್ಯಾಮೆರಾದತ್ತ ತಿರುಗಿ, ಎರಡೂ ಕಣ್ಣು ಅಗಲಿಸಿ ನಿಂತಳು.

"ತಗೀರಿ ಫೋಟೋ. ನಾ ಮುಚ್ಚೂದಿಲ್ಲ."