ಆನೆಗೆ ಅಂಗಿ ಹೊಲಿದ ಕಥೆ

“ಆಮೇಲೆ ನರಿ...” ಎಂದ ಸೋಮನಾಥ್ ಅಲ್ಲಿಗೇ ನಿಂತುಬಿಟ್ಟ. ಶೆಟ್ಟಿಕೊಪ್ಪದ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಶನಿವಾರದ ಪಾಲಕರ ಸಭೆ ನಡೆದಿತ್ತು. ತನ್ನ ದಿನಸಿ ಅಂಗಡಿಯ ಅಷ್ಟೂ ಸಾಮಾನಿನ ರೇಟನ್ನು ಬಾಯಲ್ಲೇ ಹೇಳುವ ಗಂಡಸು, ಬಾವಿಗೆ ಬಿದ್ದ ಒಂದು ನರಿಯನ್ನು ಮೇಲೆತ್ತಲಾಗದೆ ಬೆವರುತ್ತಿದ್ದ. “ಆಮೇಲೆ ಎಂತ ಆಯ್ತು ಅಂತ ನಮ್ಮ ರಶ್ಮಿಯನ್ನೇ ಕೇಳಿ ಮೇಡಂ. ಓದಿದ್ದು ಅವಳು.”

“ಓದಬೇಕಾದ್ದು ಮಗಳು, ಕೇಳಿಸ್ಕೊಳ್ಳಬೇಕಾದ್ದು ನೀವು,” ಎಂದರು ಗೋದಾವರಿ ಮೇಡಂ. ಮಕ್ಕಳಿಗೆ ಓದುವ ಹುಚ್ಚು ಹಿಡಿಸಬೇಕೆಂದು ಈ ಕಾರ್ಯಕ್ರಮ ಶುರುಮಾಡಿದ್ದೇ ಅವರು. ಮಗು ಶಾಲೆಯಿಂದ ಒಂದು ಪುಸ್ತಕ ಒಯ್ದು ಸಂಜೆ ಹೊತ್ತು ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಅಪ್ಪನೋ ಅಮ್ಮನೋ ಕೇಳಿಸಿಕೊಂಡು, ಶನಿವಾರ ಬಂದು ಆ ಕಥೆ ಹೇಳಬೇಕು. ಚೆನ್ನಾಗಿ ಹೇಳಿದವರ ಮಗುವಿಗೆ ಸ್ಟೀಲಿನ ಊಟದ ಡಬ್ಬಿ. “ನೀವು ಕಲಿಸೋದು ಏನೂ ಬೇಡ. ಪಕ್ಕದಲ್ಲಿ ಕೂತು ಕೇಳಿ, ಅಷ್ಟೇ ಸಾಕು. ಓದು ತಾನಾಗಿ ಬರ್ತದೆ,” ಎಂದು ಮೇಡಂ ಪ್ರತಿ ಶನಿವಾರವೂ ಹೇಳುತ್ತಿದ್ದರು. ಈ ಶನಿವಾರವೂ ಹೇಳಿದರು.

ಮುಂದಿನ ಸರದಿ ವನಜಮ್ಮನದು. ತೋಟದ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಇದ್ದುದರಲ್ಲಿ ಒಳ್ಳೇ ಸೀರೆ ಉಟ್ಟು ಬಂದಿದ್ದಳು. ಎಂದೋ ಶಾಲೆ ಬಿಟ್ಟವಳು. ಬಸ್ಸು ಎಲ್ಲಿಗೆ ಹೋಗುತ್ತದೆಂದು ಈಗಲೂ ಬಣ್ಣ ನೋಡಿಯೇ ಹೇಳುವವಳು. ಆದರೆ ನಾಲ್ಕನೇ ಕ್ಲಾಸಿನ ಮಗಳು ಪವಿತ್ರಾ ಗಡಗಡ ಓದುತ್ತಾಳೆಂದು, ಜೊತೆಗೆ ಕೆಲಸ ಮಾಡುವ ಹೆಂಗಸರಿಗೆಲ್ಲ ಹೇಳಿ ಹೇಳಿ ತಲೆ ತಿಂದಿದ್ದಳು. ಡಬ್ಬಿ ಸಿಕ್ಕಿದರೂ ಆಯ್ತು, ಬಿಟ್ಟರೂ ಆಯ್ತು. ಮಗಳು ಓದುತ್ತಾಳೆನ್ನುವುದು ನಾಲ್ಕು ಜನಕ್ಕೆ ಗೊತ್ತಾಗಬೇಕು, ಅಷ್ಟೇ ಅವಳ ಆಸೆ. ಆ ಮಗಳು ಮಾತ್ರ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

“ಪುಸ್ತಕದ ಹೆಸರು ಆನೆಗೆ ಅಂಗಿ,” ವನಜಮ್ಮ ಸೆರಗು ಸರಿಮಾಡಿಕೊಂಡಳು. “ಮೇಲಿನ ಎಸ್ಟೇಟಿಂದ ಒಂದು ಆನೆ ಇಳೀತು. ಫಾರೆಸ್ಟಿನವರು ಪಟಾಕಿ ಹೊಡ್ಕೊಂಡು ಹಿಂದೆ ಬಿದ್ರು. ಆನೆ ಸೀದಾ ಟೈಲರ್ ಅಂಗಡಿಗೆ ನುಗ್ತು. ‘ಅಣ್ಣಾ, ನಂಗೊಂದು ಅಂಗಿ ಹೊಲ್ಕೊಡು. ಅಂಗಿ ಹಾಕ್ಕೊಂಡವರಿಗೆ ಯಾರೂ ಪಟಾಕಿ ಹೊಡೆಯಲ್ಲ’ ಅಂತು. ಟೇಪು ಸಾಲಲಿಲ್ಲ, ಟೈಲರ್ ಬಾವಿಹಗ್ಗ ತಂದು ಅಳತೆ ತಗೊಂಡ. ಹೊಲಿದು ಮುಗಿಯೋದರೊಳಗೆ ಫಾರೆಸ್ಟಿನವರು ಬಾಗಿಲಿಗೇ ಬಂದ್ರು. ಅಂಗಡೀಲಿದ್ದ ಬಟ್ಟೆಯಷ್ಟನ್ನೂ ಆನೆ ಮೇಲೆ ಹೊದೆಸಿಬಿಟ್ಟ. ‘ಎಂತ ಮಾರಾಯ ಇದು?’ ‘ಶಾಮಿಯಾನ ಸಾರ್, ನಾಳೆ ಮದುವೆಗೆ.’ ‘ಶಾಮಿಯಾನ ಉಸಿರಾಡ್ತದಲ್ಲ?’ ‘ಗಾಳಿ ಸಾರ್!’”

ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೋಮನಾಥನೂ ನಕ್ಕ, ಡಬ್ಬಿಯ ನೆನಪಾಗಿ ನಿಲ್ಲಿಸಿದ. ವನಜಮ್ಮ ಮೇಜಿನ ಮೇಲಿಟ್ಟಿದ್ದ ಆ ಪುಸ್ತಕ ಎತ್ತಿಕೊಂಡು ಓದಿದ: “ಆನೆ ಪೇಟೆಗೆ ಹೋಯಿತು. ಆನೆ ಅಂಗಿ ಹೊಲಿಸಿತು. ಆನೆ ಅಂಗಿ ಹಾಕಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಗೀತು. ಇದರಲ್ಲಿ ಶಾಮಿಯಾನ ಎಲ್ಲಿದೆ ವನಜಕ್ಕ?”

“ಸರಿಯಾಗಿ ನೋಡಿ ಸಾವ್ಕಾರ್ರೇ, ಪುಟ ಹಾರಿಸಿರ್ತೀರಿ.”

“ಇರೋದೇ ಇಷ್ಟು, ಮಾರಾಯ್ತಿ!”

ವನಜಮ್ಮನಿಗೆ ಸಿಟ್ಟು ಬಂತು. “ಹಾಗಾದ್ರೆ ನನ್ನ ಮಗಳು ಸುಳ್ಳು ಓದಿದ್ಲಾ? ನಾನು ಪಕ್ಕದಲ್ಲೇ ಕೂತಿದ್ದೆ. ಮೊನ್ನೆ ಕರೆಂಟ್ ಹೋಯ್ತು. ದೀಪ ಹಚ್ತೇನೆ, ತಡಿ ಅಂದೆ. ನಿಲ್ಲಿಸ್ಲೇ ಇಲ್ಲ ಅವಳು! ಆ ಕತ್ತಲಲ್ಲೂ ಪುಸ್ತಕ ಹಿಡ್ಕೊಂಡು ಗಡಗಡ ಅಂತ ಓದ್ತಾನೇ...”

ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು. ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಅವಳಿಗೆ.

ಗೋದಾವರಿ ಮೇಡಂ ಪವಿತ್ರಾಳನ್ನು ಮುಂದೆ ಕರೆದು ಪುಸ್ತಕ ಕೈಗಿಟ್ಟರು. “ಮೊದಲನೇ ಸಾಲು ಓದು.”

ಹುಡುಗಿ ಪುಟವನ್ನು ನೋಡಿದಳು, ಕಿಟಕಿ ನೋಡಿದಳು. “ಬೆಳಕಲ್ಲಿ ಆಗಲ್ಲ ಮೇಡಂ.”

“ಯಾಕೆ?”

“ಅಕ್ಷರ ಕಾಣ್ತದೆ.”

ಯಾರೋ ಕಿಸಕ್ಕೆಂದರು. ವನಜಮ್ಮನ ಕಣ್ಣು ತುಂಬಿ ಬಂತು. ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಆದರೂ ಮಗಳ ಪಕ್ಕಕ್ಕೆ ಹೋಗಿ ತಲೆಯ ಮೇಲೆ ಕೈ ಇಟ್ಟಳು. “ಯಾವಾಗಿಂದ ಮಗಾ ಹೀಗೆ?”

“ಒಂದನೇ ಕ್ಲಾಸಿಂದ.”

ಒಂದನೇ ಕ್ಲಾಸಿನಿಂದಲೂ ಅವಳಿಗೆ ಪಾಠ ಮಾಡಿದ್ದು ಗೋದಾವರಿ ಮೇಡಂ ಒಬ್ಬರೇ. ಮೇಡಂ ಗಂಟಲು ಸರಿಮಾಡಿಕೊಂಡರು. “ಮನೇಲಿ ನೀವು ಸ್ವಲ್ಪ ಗಮನ ಕೊಡಬೇಕಿತ್ತು, ವನಜಮ್ಮ.”

ವನಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮೇಜಿನ ಹಿಂದೆ ಹೋಗಿ ಮೇಡಂ ಕೂರುವ ಕುರ್ಚಿಯನ್ನೇ ದರದರ ಎಳೆದು ತಂದು ಮಗಳ ಪಕ್ಕದಲ್ಲಿ ಇಟ್ಟಳು.

“ಪಕ್ಕದಲ್ಲಿ ಕೂತು ಕೇಳಿದ್ರೆ ಸಾಕು ಅಂದ್ರಿ. ನಾನು ಕೂತೆ, ಕೇಳಿದೆ. ಇನ್ನು ನೀವು ಕೂತ್ಕೊಳ್ಳಿ ಮೇಡಂ.”