ಎರಡನೇ ಲೋಟ

ಚಹಾದ ಕೆಟಲು ಲೋಟದಿಂದ ಒಂದು ಗೇಣು ಮೇಲೇರಿ ಅಲ್ಲೇ ನಿಂತಿತು. ಕ್ಯಾನ್ಸರಿಗೆಂದು ಸ್ತನ ತೆಗೆದ ಮೇಲೆ ತಾಮುವಿನ ಬಲಗೈ ಅಲ್ಲಿಂದಾಚೆ ಏಳುತ್ತಿರಲಿಲ್ಲ. ಫೆಸ್ ನಗರದ ಆಸ್ಪತ್ರೆಯಲ್ಲಿ ಗೋಡೆಯ ಮೇಲೆ ಬೆರಳು ಹತ್ತಿಸುವುದು, ಹಗ್ಗ ಎಳೆಯುವುದು ಎಲ್ಲ ಆಗಿತ್ತು. ಎತ್ತರದಿಂದ ಧಾರೆ ಬಿಟ್ಟು ನೊರೆ ಎಬ್ಬಿಸದಿದ್ದರೆ ಆ ಊರಲ್ಲಿ ಅದು ಚಹಾವೇ ಅಲ್ಲ; ಅದಕ್ಕೇ ಇಂದು ಥೆರಪಿಸ್ಟ್ ಘಿಜ್ಲಾನ್ ತನ್ನ ಮನೆಯ ಕೆಟಲನ್ನೇ ತಂದಿದ್ದಳು. ಆ ಕೈಗೆ ಭಾರವಾಗದಂತೆ ಅರ್ಧ ತುಂಬಿ, ಚೆಲ್ಲಿದರೂ ಸುಡದಂತೆ ಆರಿಸಿ.

“ಆರಿದ ಚಹಾ! ನಿಮ್ಮಮ್ಮ ಇದನ್ನೇ ಕಲಿಸಿದ್ದಾ?” ಎಂದು ತಾಮು ಗೊಣಗಿದಳು.

“ಎತ್ತರದಿಂದ ಬಗ್ಗಿಸಿ ಚಿಕ್ಕಮ್ಮ, ಆಮೇಲೆ ಬೈಯಿರಿ,” ಎಂದಳು ಘಿಜ್ಲಾನ್.

ತಾಮು ಆ ಗೇಣೆತ್ತರದಿಂದಲೇ ಬಗ್ಗಿಸಿದಳು. ಜೊತೆಗೆ ಬಂದಿದ್ದ ನಾದಿನಿ ರಕಿಯಾ ಲೋಟದೊಳಗೆ ಇಣುಕಿದಳು. “ನೊರೆಯೇ ಇಲ್ಲ ಅತ್ತಿಗೆ. ನೆಂಟರು ಕಷಾಯ ಅಂದ್ಕೋತಾರೆ. ಇನ್ಮೇಲೆ ನಿಮ್ಮನೇಲಿ ನಾನೇ ಬಗ್ಗಿಸ್ತೀನಿ ಬಿಡಿ.”

“ನನ್ನ ಮನೇಲಿ? ನೀನು?”

ಅಲ್ಲಿಯವರೆಗೆ ತನ್ನ ಕೈಯನ್ನೇ ನೋಡುತ್ತಿದ್ದ ತಾಮು ಈಗ ಲೋಟವನ್ನಷ್ಟೇ ನೋಡಿದಳು. ಕೆಟಲು ಎದೆ ದಾಟಿತು, ಗಲ್ಲ ದಾಟಿತು. ಕಂಕುಳಲ್ಲಿ ಗಾಯದ ಗೆರೆ ಜಗ್ಗಿದಾಗ ಹಲ್ಲು ಕಚ್ಚಿದಳು. ಹಣೆಯೆತ್ತರದಿಂದ ಇಳಿದ ತೆಳು ಧಾರೆ ಲೋಟದ ಚಹಾಕ್ಕೆ ಬಿಳಿ ನೊರೆಯ ಪೇಟ ಸುತ್ತಿತು.

“ಸಾಕು ಅತ್ತಿಗೆ, ಕೆಳಗಿಡಿ,” ಎಂದ ರಕಿಯಾಳ ದನಿ ಒದ್ದೆಯಾಗಿತ್ತು.

ಘಿಜ್ಲಾನ್ ಆ ಲೋಟಕ್ಕೆ ಕೈ ಚಾಚಿದಳು. ತಾಮು ಅವಳ ಕೈ ಸರಿಸಿ, ಲೋಟದ ಚಹಾವನ್ನು ಕೆಟಲಿಗೇ ಮರಳಿ ಸುರಿದಳು.

“ಮೊದಲನೇ ಲೋಟ ಅತಿಥಿಗೆ ಯಾರಾದ್ರೂ ಕೊಡ್ತಾರಾ ಮಗಳೇ? ಹದ ಬರೋಕೆ ಅದು ವಾಪಸ್ ಕೆಟಲಿಗೆ. ಎರಡನೇದು ನಿನಗೆ,” ಎಂದು ಬಲಗೈಯನ್ನು ಮತ್ತೆ ಮೇಲೆತ್ತಿದಳು.