ಸಾವಿತ್ರೆವ್ವನ ಹುಳ

"ಅಜ್ಜೀ, ಈ ಎರಡೂ ಹುಳ ಕೂಡಿದ್ದು ಎಂದಾರ ನೋಡೀರೇನ್ರಿ?"

ಹುಳಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಕುಂದಗೋಳದ ಹುಡುಗಿ ನಿಲೋಫರ್, ಕುಬಿಹಾಳದ ಸಾವಿತ್ರೆವ್ವನ ತಿಪ್ಪೆಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು ಎರಡು ಸಣ್ಣ ಬಾಟಲಿ ಮುಂದೆ ಹಿಡಿದಳು. ಒಂದರಲ್ಲಿ ಅಕ್ಕಿಕಾಳಿಗಿಂತ ತುಸು ಉದ್ದದ ಕರಿಹುಳ. ಇನ್ನೊಂದರಲ್ಲಿ ಅದರ ಎರಡರಷ್ಟು ದೊಡ್ಡದು. ತಲೆ ದಪ್ಪ, ದವಡೆ ಇಕ್ಕಳದಂತೆ. ಎರಡಕ್ಕೂ ಮೈ ಮುಚ್ಚದಷ್ಟು ಗಿಡ್ಡ ರೆಕ್ಕೆ. ಮುಟ್ಟಿದರೆ ಚೇಳಿನ ಹಾಗೆ ಹಿಂಭಾಗ ಎತ್ತುತ್ತವೆ. ಓದಿದವರು ಇವನ್ನು ರೋವ್ ಬೀಟಲ್ ಎನ್ನುತ್ತಾರೆ. ಊರಲ್ಲಿ ಇವಕ್ಕೆ ಹೆಸರೇ ಇರಲಿಲ್ಲ. ಸೆಗಣಿಯ ಹುಳವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವವರು ಯಾರು?

ಸಾವಿತ್ರೆವ್ವ ಕೈಗಂಟಿದ ಸೆಗಣಿಯನ್ನು ಕಲ್ಲಿಗೆ ಒರೆಸುತ್ತ ನಿಂತಳು. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಇಪ್ಪತ್ತೆಂಟು ವರ್ಷದ ಹಿಂದೆಯೇ ಗೊತ್ತಿತ್ತು.

ಸಣ್ಣ ಹುಳಕ್ಕೆ ಹೆಸರಿಟ್ಟವರು ಪ್ರೊಫೆಸರ್ ಶಂಭುಲಿಂಗಪ್ಪ. ಆಗ ಬೇಸಿಗೆಯಲ್ಲಿ ಬಂದು ಹದಿನೈದು ದಿನ ಅವಳ ತಿಪ್ಪೆಯನ್ನು ಅವಳ ಕೈಯಲ್ಲೇ ಜರಡಿ ಹಿಡಿಸಿದ್ದರು. ಸಣ್ಣ ಹುಳ ಸಿಕ್ಕಾಗ ಕೂಸು ಕಂಡವರಂತೆ ಹಿಗ್ಗಿದ್ದರು. ಇಂಥದ್ದೇ ದೊಡ್ಡದು ಕಲಘಟಗಿ ಕಡೆ ತಂಬೂರದ ಕಾಡಂಚಿನಲ್ಲಿದೆ, ಅದಕ್ಕೆ ನೂರು ವರ್ಷದ ಹಿಂದೆಯೇ ಹೆಸರಿಟ್ಟಿದ್ದಾರೆ, ಇದು ಎರೆಭೂಮಿಯದು, ಬೇರೆಯೇ ಜಾತಿ ಎಂದಿದ್ದರು.

"ಸರ್, ರೋಹಿಣಿ ಮಳಿ ಬಿದ್ದ ಮ್ಯಾಲ ಬರ್ರಿ. ಇದರ ಗಂಡಸು ಬರತಾನ, ದೊಡ್ಡ ತಲೀದು," ಎಂದು ಆಗಲೇ ಸಾವಿತ್ರೆವ್ವ ಹೇಳಿದ್ದಳು.

"ಹುಳದ ಸಂಸಾರಾನೂ ಗೊತ್ತೇನು ನಿನಗ?" ಪ್ರೊಫೆಸರರು ನಕ್ಕು ಬಾಟಲಿಯ ಮುಚ್ಚಳ ಬಿಗಿ ಮಾಡಿದ್ದರು.

ಮರುವರ್ಷ ಅಚ್ಚಾದ ಕಾಗದ ಹಿಡಿದು ತಾವೇ ಬಸ್ಸಿನಲ್ಲಿ ಬಂದರು. ಸಣ್ಣ ಹುಳಕ್ಕೆ ಅವಳದೇ ಹೆಸರು. ಸಾವಿತ್ರೆವ್ವ ಆ ಹಾಳೆಗೆ ಕಟ್ಟು ಹಾಕಿಸಿ ಜಗಲಿಯ ಬಾಜೂಕೆ ತೂಗುಹಾಕಿದಳು. ಗಂಡ ಹೋಗಿ ಬಹಳ ದಿನವಾಗಿತ್ತು, ಮನೆ ಮೈದುನನ ಹೆಸರಿನಲ್ಲಿತ್ತು, ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ. ತಾನು ಸತ್ತ ಮೇಲೂ ಎಲ್ಲೋ ನಾಲ್ಕು ಜನ ತನ್ನ ಹೆಸರು ಹೇಳುತ್ತಾರೆ ಎಂಬ ಮಾತಿನ ಮೇಲೆ ಅವಳು ಇಷ್ಟು ವರ್ಷ ಜೀವ ಹಿಡಿದಿದ್ದಳು.

ಹುಳ ಮಾತ್ರ ಅವಳ ಮುಲಾಜಿಗೆ ಬೀಳಲಿಲ್ಲ. ಊರ ತಿಪ್ಪೆಗಳೆಲ್ಲ ಮಳೆಗೆ ಮೊದಲೇ ಚಕ್ಕಡಿ ಏರಿ ಹೊಲಕ್ಕೆ ಹೋಗುತ್ತವೆ. ಸಾವಿತ್ರೆವ್ವನಿಗೆ ಹೊಲವಿಲ್ಲ, ಮಂದಿಯ ಕೊಟ್ಟಿಗೆ ಬಳಿದು ತಂದ ಸೆಗಣಿ, ಕುಳ್ಳು ತಟ್ಟಿ ಮಿಕ್ಕಿದ್ದು, ವರ್ಷವಿಡೀ ಅಲ್ಲೇ ಬಿದ್ದಿರುತ್ತದೆ. ಹಾಗಾಗಿ ಪ್ರತಿ ವರ್ಷ ರೋಹಿಣಿ ಮಳೆಗೆ, ಅವಳೊಬ್ಬಳ ತಿಪ್ಪೆಯಲ್ಲಿ, ದೊಡ್ಡ ತಲೆಯವು ಬಂದು ಸಣ್ಣವುಗಳ ಜೊತೆ ಕೂಡುತ್ತಿದ್ದವು. ಹೆಸರಿಗೆ ಕುತ್ತು ಬಂದೀತೆಂಬ ಅಳುಕಿಗೆ, ಯಾರ ಕಣ್ಣಿಗೂ ಬೀಳದಿರಲೆಂದು ಅವಳು ಮೇಲೊಂದು ಬುಟ್ಟಿ ಸೆಗಣಿ ಸುರಿದು ಸುಮ್ಮನಾಗುತ್ತಿದ್ದಳು.

"ಎರಡೂ ಒಂದ ಜಾತಿ ಅಂತಾದ್ರ?" ಸಾವಿತ್ರೆವ್ವ ಕೇಳಿದಳು.

"ಮೊದಲ ಇಟ್ಟ ಹೆಸರು, ಆ ದೊಡ್ಡದರದು, ಉಳಿತೈತ್ರಿ. ಅದು ನಮ್ಮ ಶಾಸ್ತ್ರದ ಕಾನೂನು."

"ನಂದು?"

ನಿಲೋಫರ್ ತಲೆ ತಗ್ಗಿಸಿದಳು. "ಅದರ ಕೆಳಗ ಸಣ್ಣ ಅಕ್ಷರದಾಗ ಇರತೈತ್ರಿ. ಆದ್ರ ಹುಳಾನ ಆ ಹೆಸರಿಲೆ ಯಾರೂ ಕರಿಯಂಗಿಲ್ರಿ."

ಸಾವಿತ್ರೆವ್ವ ಅಲ್ಲೇ ಕಲ್ಲಿನ ಮೇಲೆ ಕೂತಳು. ಹುಡುಗಿ ಹತ್ತಿರ ಸರಿದು ದನಿ ಇಳಿಸಿದಳು.

"ಅಜ್ಜೀ, ಹೋದ ವಾರ ತಂಬೂರದಾಗ ಎರಡೂ ಒಂದ ಕಡೆ ಸಿಕ್ಕಾವು. ಇಲ್ಲೂ ಸಿಕ್ಕಾವು. ಆದ್ರ ಕೂಡಿದ್ದನ್ನ ನಾ ನೋಡಿಲ್ಲ. ನೀವೂ ನೋಡಿಲ್ಲ ಅಂದ್ಬಿಡ್ರಿ. ಪುರಾವೆ ಸಾಲದು ಅಂತ ನಾ ಇಷ್ಟಕ್ಕ ಬಿಟ್ಟಬಿಡತೀನಿ. ನೀವು ಇರೂತನಕರ ಹೆಸರು ಹಂಗ ಇರಲಿ."

ಮರುಕದಿಂದಲೇ ಆಡಿದ ಮಾತು. ಆದರೆ ಸಾವಿತ್ರೆವ್ವನಿಗೆ ಹೆಸರು ಹೋಗುವ ಮಾತಿಗಿಂತ ಇದೇ ಹೆಚ್ಚು ನಾಟಿತು. ನೋಡಿಲ್ಲವಂತೆ! ನಲವತ್ತು ವರ್ಷ ಈ ತಿಪ್ಪೆಯ ಮುಂದೆ ಬಗ್ಗಿ ಬೆನ್ನು ಡೊಂಕಾಗಿದೆ. ಯಾವ ಹುಳ ಯಾವ ಮಳೆಗೆ ಏಳುತ್ತದೆ, ಯಾವುದು ಯಾವುದನ್ನು ತಿನ್ನುತ್ತದೆ ಎಂಬುದು ಅವಳಿಗೆ ತನ್ನ ಅಂಗೈಯಷ್ಟು ಪರಿಚಯ. ಅಕ್ಷರ ಕಲಿಯದ ಅವಳು ತನ್ನದೆಂದು ಗಳಿಸಿದ ವಿದ್ಯೆ ಅದೊಂದೇ.

ಅವಳು ಎದ್ದು ಸಲಿಕೆ ತಗೊಂಡಳು. ನಿನ್ನೆ ಸಂಜೆ ರೋಹಿಣಿ ಮಳೆ ಬಿದ್ದಿತ್ತು. ತಿಪ್ಪೆಯ ಬಡಗಣ ಮಗ್ಗುಲಿಗೆ ಹೋಗಿ, ಮೇಲೆ ಗಟ್ಟಿಯಾಗಿದ್ದ ಸೆಗಣಿಯ ಹೆಪ್ಪಳಿಕೆಯನ್ನು ಮೆಲ್ಲಗೆ ಎಬ್ಬಿಸಿ ಮಗುಚಿದಳು.

"ಬಾ ಇಲ್ಲೆ. ಲಗೂನ ಬಾ, ಬೆಳಕಿಗೆ ಓಡಿ ಹೋಗತಾವ."

ತೇವದ ಮೇಲೆ ಮೂರು ಜೋಡಿ. ದೊಡ್ಡ ತಲೆಯವು ಸಣ್ಣವನ್ನು ಬಿಡದೆ ಹಿಡಿದಿದ್ದವು. ನಿಲೋಫರ್ ಉಸಿರು ಬಿಗಿಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದಳು, ಒಂದು ಜೋಡಿಯನ್ನು ಹಾಗೆಯೇ ಬಾಟಲಿಗೆ ಇಳಿಸಿದಳು. ಮೊದಲು ಅವಳ ಮುಖದಲ್ಲಿ ಬಂದದ್ದು ಸಂತೋಷವೇ. ಅಜ್ಜಿಯತ್ತ ತಿರುಗಿದಾಗ ಅದು ಇಳಿದುಹೋಯಿತು. ವಹಿ ಬಿಚ್ಚಿ ಪೆನ್ನು ತೆಗೆದಳು.

"ಹೆಂಗ ಬರೀಲಿ ಅಜ್ಜೀ?" ಎಂದಳು, ಕಣ್ಣು ತುಂಬಿ.

ಸಾವಿತ್ರೆವ್ವನ ಕಣ್ಣೂ ಒದ್ದೆಯಾಗಿತ್ತು. ಅದನ್ನವಳು ಮುಚ್ಚಿಡಲಿಲ್ಲ.

"ಆ ಸರ್ ನನ್ನ ಮಾತ ಬಿಟ್ಟು ಹೆಸರ ಬರಕೊಂಡ್ರು. ನೀ ಹೆಸರ ಬಿಟ್ಟು ಮಾತ ಬರಕೋ, ಯವ್ವಾ."